ಗಣಕದ ತೆರೆಯ ಮೇಲೊಂದು ಕಾಳಗ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಕುಸ್ತಿಯ ಕಣವನ್ನು ಪರಿಚಯಿಸಬೇಕಾಗಿಲ್ಲ. ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಯೂ ಮುಖ್ಯವೆಂದು ತಿಳಿದ ಹಿರಿಯರು ಇಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹದಮಾಡಿದ ಮಣ್ಣು, ಸುತ್ತಲೂ ಒತ್ತೊತ್ತಾಗಿ ಕುಳಿತ ಜನ, ಹಲಗೆಯ ಸದ್ದು, ಪೈಲವಾನರು ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗಿಳಿಯುವ ರೀತಿ, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಇಲ್ಲಿ ಹೇಳಹೊರಟಿರುವುದು ಮಣ್ಣೇ ಇಲ್ಲದ ಇನ್ನೊಂದು ಕಣದ ಚರಿತ್ರೆ. ಅದು ಗಣಕಯಂತ್ರದ ತೆರೆ. ಆ ತೆರೆಯ ಮೇಲೆ 1984ರಲ್ಲಿ ಕಾಣಿಸಿಕೊಂಡ ‘ಕರಾಟೆಕ’ ಎಂಬ ಕಾಳಗದ ಆಟವನ್ನು ನಾಲ್ಕು ದಶಕಗಳ ತರುವಾಯ ಮತ್ತೆ ನೋಡಿದರೆ, ಅದರ ಹಿಂದೆ ಬಹಳ ಹಳೆಯ ಪ್ರಶ್ನೆಯೊಂದು ನಿಂತಿರುವುದು ಕಾಣುತ್ತದೆ: ಮನುಷ್ಯನ ಮೈ ಕಲಿತ ವಿದ್ಯೆಯನ್ನು ಆ ಮೈಯಿಂದ ಹೊರಗೆ ತೆಗೆದು ಇಡಲು ಸಾಧ್ಯವೇ?

ಆಟಕ್ಕೂ ಚರಿತ್ರೆಗೂ ಏನು ಸಂಬಂಧವೆಂದು ಕೆಲವರು ಮೂಗು ಮುರಿಯಬಹುದು. ಅಂಥವರಿಗೆ ನಮ್ಮ ನಾಡಿನ ಅರಸನೊಬ್ಬ ಎಂದೋ ಉತ್ತರ ಕೊಟ್ಟಿದ್ದಾನೆ. ಸುಮಾರು 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜ್ಯಭಾರದ ವಿಚಾರವನ್ನು ಬರೆದಷ್ಟೇ ಶ್ರದ್ಧೆಯಿಂದ ವಿನೋದಗಳ ವಿಚಾರವನ್ನೂ ಬರೆದ. ‘ಮಲ್ಲವಿನೋದ’ ಅವುಗಳಲ್ಲಿ ಒಂದು. ಅದರ ಮಾತು ಮುಂದೆ ಬರುತ್ತದೆ.

ಮೊದಲು ವಿಡಿಯೋ ಕಾಳಗದ ಪೂರ್ವವೃತ್ತಾಂತವನ್ನು ಚುಟುಕಾಗಿ ನೋಡಿಬಿಡೋಣ. ಜಪಾನಿನ ಸೆಗಾ ಸಂಸ್ಥೆ 1976ರಲ್ಲಿ ಮುಷ್ಟಿಯುದ್ಧದ ಆಟವೊಂದನ್ನು ಯಂತ್ರದಲ್ಲಿ ತಂದಿತು. 1984ರಲ್ಲಿ ಬಂದ ‘ಕರಾಟೆ ಚಾಂಪ್’ನಲ್ಲಿ ಇಬ್ಬರು ಕರಾಟೆಪಟುಗಳು, ಒಬ್ಬ ತೀರ್ಪುಗಾರ. ಅದೇ ವರ್ಷದ ‘ಕುಂಗ್ ಫು ಮಾಸ್ಟರ್’ನಲ್ಲಿ ಒಬ್ಬನ ಮೇಲೆ ಹತ್ತಾರು ಜನ ಮುಗಿಬೀಳುತ್ತಿದ್ದರು. ಇವೆಲ್ಲ ಪೇಟೆಯ ಆಟದಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳು. ಚಿತ್ರಗಳನ್ನು ಚಲಿಸಲೆಂದೇ ಅವುಗಳಲ್ಲಿ ವಿಶೇಷ ಸಲಕರಣೆಗಳಿದ್ದವು. ‘ಕರಾಟೆಕ’ ಹಾಗಲ್ಲ. ಅದು ಮನೆಯ ಮೇಜಿನ ಮೇಲಿಡುವ ಆಪಲ್ 2 ಎಂಬ ಗಣಕಕ್ಕಾಗಿ, ಒಬ್ಬನೇ ವಿದ್ಯಾರ್ಥಿ ರೂಪಿಸಿದ ಆಟ.

ಅವನ ಹೆಸರು ಜೋರ್ಡನ್ ಮೆಕ್ನರ್. 1964ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ‘ಡೆತ್‌ಬೌನ್ಸ್’ ಎಂಬ ಆಟವೊಂದನ್ನು ಬರೆದು ಬ್ರೋಡರ್‌ಬಂಡ್ ಎಂಬ ಪ್ರಕಾಶನ ಸಂಸ್ಥೆಗೆ ಕಳುಹಿಸಿದ. ಅದು ತಿರಸ್ಕೃತವಾಯಿತು. ಮತ್ತೆ ಕುಳಿತು ಆರಂಭಿಸಿದ್ದೇ ‘ಕರಾಟೆಕ’. ತರಗತಿಗಳ ನಡುವೆ, ರಜೆಗಳಲ್ಲಿ, ಸುಮಾರು ಎರಡು ವರ್ಷ ದುಡಿದ. ಆ ದಿನಗಳಲ್ಲಿ ಅವನನ್ನು ಹಿಡಿದದ್ದು ಬೇರೆ ಗಣಕದ ಆಟಗಳಿಗಿಂತ ಹೆಚ್ಚಾಗಿ ಹಳೆಯ ಚಲನಚಿತ್ರಗಳು. ಮೂಕಿ ಚಿತ್ರಗಳ ಕಥನಕ್ರಮ, ಅಕಿರ ಕುರೊಸಾವನ ‘ಸೆವೆನ್ ಸಮುರಾಯ್’ (1954), ಜಪಾನಿನ ಮರದಚ್ಚಿನ ವರ್ಣಚಿತ್ರಗಳು, ಇವೆಲ್ಲ ಅವನ ಮನಸ್ಸಿನಲ್ಲಿದ್ದವು. ಇಪ್ಪತ್ತರ ಹುಡುಗ ತನ್ನ ವಿದ್ಯೆಯ ಮಾದರಿಗಳನ್ನು ತನ್ನ ಕ್ಷೇತ್ರದ ಹೊರಗೆ ಹುಡುಕಿದ್ದೇ ಅವನ ದೊಡ್ಡ ಜಾಣತನವೆಂದು ನನಗೆ ತೋರುತ್ತದೆ.

ಕಥೆ ಸರಳ. ಅಕುಮ ಎಂಬ ದುಷ್ಟ ಮರಿಕೊ ಎಂಬ ರಾಜಕುಮಾರಿಯನ್ನು ತನ್ನ ಕೋಟೆಯಲ್ಲಿ ಸೆರೆಯಿಟ್ಟಿದ್ದಾನೆ. ಹೆಸರಿಲ್ಲದ ವೀರನೊಬ್ಬ ಬೆಟ್ಟದಂಚನ್ನು ಹತ್ತಿ ಬಂದು, ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಎದುರಿಸುತ್ತ ಒಳಗೆ ಸಾಗಬೇಕು. ನಡುವೆ ಆಗಾಗ ದೃಶ್ಯ ಬದಲಾಗಿ ಸೆರೆಮನೆಯ ರಾಜಕುಮಾರಿಯನ್ನೋ, ಅಪ್ಪಣೆ ಕೊಡುವ ಅಕುಮನನ್ನೋ ತೋರಿಸುತ್ತದೆ. ಎರಡು ಸ್ಥಳಗಳ ಘಟನೆಗಳನ್ನು ಹೀಗೆ ಹೆಣೆಯುವುದು ಸಿನಿಮಾದಲ್ಲಿ ಆಗಲೇ ಹಳತಾಗಿತ್ತು. ಗಣಕದ ಆಟದಲ್ಲಿ ತೀರ ಹೊಸತು.

ಆದರೆ ಜನ ಬೆರಗಾದದ್ದು ಕಥೆಗಲ್ಲ, ನಡೆಗೆ. ತೆರೆಯ ಮೇಲಿನ ಆ ಪುಟ್ಟ ಬಿಳಿಯ ಆಕೃತಿ ಮನುಷ್ಯನಂತೆಯೇ ನಡೆಯುತ್ತಿತ್ತು. ಅದು ಎಷ್ಟು ಕಷ್ಟದ ಕೆಲಸವೆಂಬುದನ್ನು ಅರಿಯಲು ಆ ಯಂತ್ರದ ಬಡತನವನ್ನು ಸ್ವಲ್ಪ ತಿಳಿಯಬೇಕು. ಆಪಲ್ 2 ಗಣಕದ ತೆರೆಯಲ್ಲಿ ಅಡ್ಡಕ್ಕೆ 280, ಉದ್ದಕ್ಕೆ 192 ಚುಕ್ಕೆಗಳು. ‘ಕರಾಟೆಕ’ ಓಡಬೇಕಾಗಿದ್ದದ್ದು 48 ಕಿಲೋಬೈಟ್ ಸ್ಮೃತಿಯಲ್ಲಿ. ತೆರೆಯ ಒಂದು ಚಿತ್ರವನ್ನು ಹಿಡಿದಿಡಲೇ ಅದರಲ್ಲಿ 8 ಕಿಲೋಬೈಟ್ ಬೇಕು. ಇಂದು ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಸಾಧಾರಣ ಛಾಯಾಚಿತ್ರ ಆ ಇಡೀ ಸ್ಮೃತಿಗಿಂತ ಎಷ್ಟೋ ಪಟ್ಟು ದೊಡ್ಡದು. ಚಿತ್ರ ಚಲಿಸಲು ಪ್ರತ್ಯೇಕ ಸಲಕರಣೆ ಇರಲಿಲ್ಲ. ಸದ್ದು ಮಾಡುವುದೂ ಚಿತ್ರ ಬಿಡಿಸುವುದೂ ಒಂದೇ ಸಂಸ್ಕಾರಕದ ಕೆಲಸವಾದ್ದರಿಂದ, ಸಂಗೀತ ನುಡಿಯುವಾಗ ಚಿತ್ರ ನಿಲ್ಲಬೇಕು, ಚಿತ್ರ ಓಡುವಾಗ ಸಂಗೀತ ನಿಲ್ಲಬೇಕು. ನಮ್ಮ ಬಯಲಾಟದಲ್ಲಿ ಪದ ಮುಗಿದ ಮೇಲೆ ಮಾತು ಆರಂಭವಾಗುವ ಹಾಗೆ ಎನ್ನಿ. ಅಂದಹಾಗೆ, ಆಟದ ಸಂಗೀತವನ್ನು ರಚಿಸಿದವರು ಮೆಕ್ನರನ ತಂದೆ ಫ್ರಾನ್ಸಿಸ್. ವಿಯೆನ್ನಾದಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಮನಶ್ಶಾಸ್ತ್ರಜ್ಞರು.

ಮೆಕ್ನರ್ ಮೊದಲು ಕೈಯಿಂದಲೇ ಚಿತ್ರ ಬರೆಯಲು ನೋಡಿದ. ಗೊಂಬೆ ಗೊಂಬೆಯಾಗಿಯೇ ಉಳಿಯಿತು. ಆಗ ಅವನು ಸಿನಿಮಾದ ಹಳೆಯ ಉಪಾಯವೊಂದಕ್ಕೆ ಮೊರೆಹೋದ. 1915ರ ಸುಮಾರಿನಲ್ಲಿ ಮ್ಯಾಕ್ಸ್ ಫ್ಲೈಷರ್ ಎಂಬಾತ ರೋಟೋಸ್ಕೋಪ್ ಎಂಬ ಸಾಧನವನ್ನು ಕಂಡುಹಿಡಿದಿದ್ದ. ನಿಜವಾದ ಮನುಷ್ಯನ ಚಲನೆಯನ್ನು ಫಿಲ್ಮಿನಲ್ಲಿ ಹಿಡಿದು, ಅದರ ಒಂದೊಂದು ಚೌಕವನ್ನೂ ಕಾಗದದ ಮೇಲೆ ಬಾಹ್ಯರೇಖೆಯಾಗಿ ತೀಡಿ, ಆ ರೇಖೆಗಳಿಂದ ವ್ಯಂಗ್ಯಚಿತ್ರಗಳನ್ನು ಚಲಿಸುವಂತೆ ಮಾಡುವುದು ಅದರ ಕ್ರಮ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ (1937) ಚಿತ್ರದಲ್ಲಿಯೂ ಇದು ಬಳಕೆಯಾಗಿತ್ತು. ಮೆಕ್ನರ್ ಸೂಪರ್ 8 ಕ್ಯಾಮೆರಾ ಹಿಡಿದು ಕರಾಟೆ ಶಿಕ್ಷಕರೊಬ್ಬರ ಹೊಡೆತ, ಒದೆತಗಳನ್ನು ಪಕ್ಕದಿಂದ ಚಿತ್ರಿಸಿದ. ಹತ್ತುವ, ಓಡುವ ಕೆಲವು ಚಲನೆಗಳಿಗೆ ತಂದೆಯೇ ಬಿಳಿಯ ಕರಾಟೆ ಉಡುಪು ತೊಟ್ಟು ಮಾದರಿಯಾದರು. ಆಮೇಲೆ ಫಿಲ್ಮಿನ ಚೌಕಗಳಲ್ಲಿ ಅಗತ್ಯವಾದವನ್ನಷ್ಟೇ ಆಯ್ದು, ರೇಖೆ ಎಳೆದು, ಆ ರೇಖೆಗಳನ್ನು ಚುಕ್ಕೆಗಳಾಗಿ ಪರಿವರ್ತಿಸಿ ಯಂತ್ರಕ್ಕೆ ಉಣಿಸಿದ.

ಇಲ್ಲಿ ‘ಆಯ್ದು’ ಎಂಬ ಮಾತನ್ನು ಗಮನಿಸಬೇಕು. ಒಂದು ಒದೆತಕ್ಕೆ ಫಿಲ್ಮಿನಲ್ಲಿ ಹತ್ತಾರು ಚೌಕಗಳಿರುತ್ತವೆ. ಯಂತ್ರದಲ್ಲಿ ಅಷ್ಟಕ್ಕೆ ಜಾಗವಿಲ್ಲ. ಯಾವುದನ್ನು ಇಟ್ಟುಕೊಂಡರೆ ಒದೆತ ಒದೆತವಾಗಿ ಕಾಣುತ್ತದೆ, ಯಾವುದನ್ನು ಬಿಟ್ಟರೂ ಕಣ್ಣು ತಾನೇ ತುಂಬಿಕೊಳ್ಳುತ್ತದೆ? ಈ ವಿವೇಚನೆ ನಮ್ಮ ಶಿಲ್ಪಿಗಳಿಗೆ ಹೊಸದಾಗಿರಲಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿರುವ ದೊಡ್ಡ ವೀರಗಲ್ಲನ್ನು ನೋಡಿದವರು ಇದನ್ನು ಬಲ್ಲರು. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸಾನ್ನಿಧ್ಯ. ಇಡೀ ಯುದ್ಧದಲ್ಲಿ ಶಿಲ್ಪಿ ಕೆತ್ತಲು ಆರಿಸಿಕೊಳ್ಳುವುದು ಒಂದೇ ಗಳಿಗೆ: ಎತ್ತಿದ ಕತ್ತಿ, ಎಳೆದ ಬಿಲ್ಲು, ಮುಂದಿಟ್ಟ ಕಾಲು. ಆ ಒಂದರಿಂದ ಹಿಂದಿನದೂ ಮುಂದಿನದೂ ಹೊಳೆಯಬೇಕು. ವೀರಗಲ್ಲನ್ನು ಗಣಕದ ಆಟದ ಪೂರ್ವಜನೆಂದು ಹೇಳುವುದು ಅತಿಯಾದೀತು. ಎರಡಕ್ಕೂ ಎದುರಾದ ತೊಡಕು ಮಾತ್ರ ಒಂದೇ ಎನ್ನಬಹುದು.

ಇನ್ನು ಆಡುವ ಕ್ರಮ. ವೀರನಿಗೆ ಮುಷ್ಟಿಯ ಹೊಡೆತ ಮೂರು, ಕಾಲಿನ ಒದೆತ ಮೂರು: ಮೇಲೆ, ನಡುವೆ, ಕೆಳಗೆ. ಅವನ ಉಳಿದ ಕಸುವನ್ನು ತೆರೆಯ ಎಡಗಡೆ ಸಣ್ಣ ತ್ರಿಕೋಣಗಳು ತೋರಿಸುತ್ತವೆ, ಎದುರಾಳಿಯದನ್ನು ಬಲಗಡೆ. ಪೆಟ್ಟು ಬಿದ್ದರೆ ತ್ರಿಕೋಣ ಕಡಿಮೆಯಾಗುತ್ತದೆ; ಹಿಂದೆ ಸರಿದು ಸುಮ್ಮನೆ ನಿಂತರೆ ನಿಧಾನವಾಗಿ ಮರಳಿ ಬರುತ್ತದೆ. ಸುಮ್ಮನಿರುವುದೂ ಕಾಳಗದ ಒಂದು ಪಟ್ಟು ಎಂಬುದನ್ನು ಅಂದಿನ ಎಷ್ಟು ಆಟಗಳು ಹೇಳಿದ್ದವು?

ಎಲ್ಲಕ್ಕಿಂತ ವಿಶಿಷ್ಟವಾದದ್ದು ನಿಲುವಿನ ನಿಯಮ. ವೀರನಿಗೆ ಎರಡು ಸ್ಥಿತಿಗಳಿವೆ, ನೆಟ್ಟಗೆ ನಿಂತು ಓಡುವುದು ಒಂದು, ಕಾಲಗಲಿಸಿ ಕಾಳಗದ ನಿಲುವಿನಲ್ಲಿ ಇಂಚಿಂಚು ಸರಿಯುವುದು ಇನ್ನೊಂದು. ಕಾಳಗದ ನಿಲುವನ್ನು ತಾಳದೆ ಕಾವಲುಗಾರನ ಎದುರು ಓಡಿದರೆ ಒಂದೇ ಹೊಡೆತಕ್ಕೆ ಕಥೆ ಮುಗಿಯುತ್ತದೆ. ಹೊಡೆದಾಟಕ್ಕೆ ಮುನ್ನ ಎದುರಾಳಿಗೆ ತಲೆಬಾಗಿ ನಮಸ್ಕರಿಸಲು ಒಂದು ಕೀಲಿ ಇದೆ. ಅದರಿಂದ ಅಂಕವಿಲ್ಲ, ಕಸುವು ಹೆಚ್ಚುವುದಿಲ್ಲ. ಆದರೂ ಅದನ್ನು ಇಟ್ಟಿದ್ದಾನೆ. ಪೈಲವಾನ ಕಣದ ಮಣ್ಣನ್ನು ಹಣೆಗೆ ಒತ್ತಿಕೊಳ್ಳುವುದರಿಂದ ಯಾವ ಅಂಕ ಬರುತ್ತದೆ?

ಕೊನೆಯ ದೃಶ್ಯದಲ್ಲಿ ಈ ನಿಯಮ ಮುಯ್ಯಿ ತೀರಿಸಿಕೊಳ್ಳುತ್ತದೆ. ಅಕುಮನನ್ನು ಕೆಡವಿ, ಅವನ ಗಿಡುಗವನ್ನು ಹೊಡೆದೋಡಿಸಿ ವೀರ ಸೆರೆಮನೆಯ ಬಾಗಿಲು ದಾಟುತ್ತಾನೆ. ಮರಿಕೊ ಎದುರಿಗಿದ್ದಾಳೆ. ಆಟಗಾರ ಕಾಳಗದ ನಿಲುವಿನಲ್ಲಿಯೇ ಅವಳನ್ನು ಸಮೀಪಿಸಿದರೆ ರಾಜಕುಮಾರಿ ಒಂದೇ ಒದೆತಕ್ಕೆ ಅವನನ್ನು ಕೊಂದುಬಿಡುತ್ತಾಳೆ! ನಿಲುವನ್ನು ಸಡಿಲಿಸಿ, ನೆಟ್ಟಗೆ ನಿಂತು ಹೋದರೆ ಮಾತ್ರ ಅಪ್ಪಿಕೊಳ್ಳುತ್ತಾಳೆ. ಗಂಟೆಗಟ್ಟಲೆ ಹೋರಾಡಿ ಅಲ್ಲಿಯವರೆಗೆ ಬಂದ ಎಷ್ಟೋ ಹುಡುಗರು ಈ ಒದೆತ ತಿಂದು ಕಂಗಾಲಾದರು. ಏಕೆಂದರೆ ‘ಕರಾಟೆಕ’ದ ವೀರನಿಗೆ ಇರುವುದು ಒಂದೇ ಪ್ರಾಣ. ಸತ್ತರೆ ಬೆಟ್ಟದ ಅಂಚಿನಿಂದಲೇ ಮತ್ತೆ ಆರಂಭ.

ಒಂದೇ ಪ್ರಾಣವೆಂಬ ಮಾತನ್ನು ಹಾವೇರಿ ಸೀಮೆಯಲ್ಲಿ ಹಗುರವಾಗಿ ಆಡಲಾಗದು. ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಮೂವರು ಪೊಲೀಸರ ಗುಂಡಿಗೆ ಬಲಿಯಾದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕರ್ನಾಟಕದ ತರುಣ. ಅವರ ಮರಣದ ಕಥೆಗೂ ತೆರೆಯ ಮೇಲಿನ ಆಟಕ್ಕೂ ಹೋಲಿಕೆಯಿಲ್ಲ, ಇರಬೇಕಾಗಿಯೂ ಇಲ್ಲ. ಆಟದಲ್ಲಿ ಬೆಟ್ಟದ ಅಂಚು ಮತ್ತೆ ದೊರೆಯುತ್ತದೆ ಎಂಬ ಅಂತರವನ್ನು ನೆನಪಿಡಲು ಆ ಊರಿನ ಹೆಸರು ಸಾಕು.

‘ಕರಾಟೆಕ’ ಹೊರಬಂದ 1984ರಲ್ಲಿ ನಮ್ಮಲ್ಲಿ ಏನಿತ್ತು? ದೂರದರ್ಶನದಲ್ಲಿ ಬಣ್ಣ ಮೂಡಿ ಎರಡೇ ವರ್ಷಗಳಾಗಿದ್ದವು. ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಆಯ್ದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಡಲಾರಂಭಿಸಿದ್ದು ಆ ಸುಮಾರಿನಲ್ಲಿಯೇ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಭಾಗವಾಗಿತ್ತು; ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಈ ಆಟ ನಮ್ಮ ಊರುಗಳಿಗೆ ಅದರ ಕಾಲದಲ್ಲಿ ಬರಲೇ ಇಲ್ಲವೆನ್ನಬೇಕು. ಇಲ್ಲಿನ ಮಕ್ಕಳು ವಿಡಿಯೋ ಕಾಳಗವನ್ನು ಕಂಡದ್ದು 1990ರ ದಶಕದಲ್ಲಿ, ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಆಟಗಳಲ್ಲಿ ಮತ್ತು ಪೇಟೆಯ ವಿಡಿಯೋ ಪಾರ್ಲರುಗಳಲ್ಲಿ. ಆ ಹೊತ್ತಿಗೆ ಕಾಳಗದ ಆಟವೆಂದರೆ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ 2’ (1991) ಎಂದಾಗಿತ್ತು.

ಆ ಆಟದಲ್ಲಿ ಎರಡು ಸಂಗತಿಗಳು ನಮಗೆ ಮುಖ್ಯ. ಒಂದು, ಪೆಟ್ಟಿನ ಹಿಂದೆಯೇ ಪೆಟ್ಟು ಹೆಣೆದು ಎದುರಾಳಿಗೆ ಬಿಡುವೇ ಇಲ್ಲದಂತೆ ಮಾಡುವ ಸರಣಿ ಹೊಡೆತ. ಇದು ಮೊದಲು ಯೋಜಿಸಿದ್ದಲ್ಲ. ಆಟದ ನಡುವೆ ಬರುವ ಕಾರು ಜಜ್ಜುವ ಸುತ್ತನ್ನು ಪರೀಕ್ಷಿಸುತ್ತಿದ್ದಾಗ ನೊರಿತಾಕ ಫುನಾಮಿಜು ಎಂಬ ನಿರ್ಮಾಪಕನ ಕಣ್ಣಿಗೆ ಅದು ಬಿತ್ತು. ತಿದ್ದದೆ ಹಾಗೆಯೇ ಉಳಿಸಿದರು. ಇಂದು ಆ ಜಾತಿಯ ಆಟಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಎರಡನೆಯದು, ಅದರಲ್ಲಿನ ಭಾರತೀಯ. ಅವನ ಹೆಸರು ಧಾಲ್ಸಿಮ್. ಕೊರಳಲ್ಲಿ ತಲೆಬುರುಡೆಗಳ ಸರ, ರಬ್ಬರಿನಂತೆ ಉದ್ದವಾಗುವ ಕೈಕಾಲು, ಬಾಯಿಂದ ಬೆಂಕಿ, ಹಿನ್ನೆಲೆಯಲ್ಲಿ ಆನೆಗಳು. ಯೋಗಿಯಂತೆ! ಅದೇ ಆಟದಲ್ಲಿ ಕುಸ್ತಿಯ ಪಟು ಬೇಕೆಂದಾಗ ಸೋವಿಯತ್ ದೇಶದ ಜಾಂಗೀಫನನ್ನು ತಂದರು. ಅಮೃತಸರದ ಗಾಮಾ ಪೈಲವಾನ 1910ರಲ್ಲಿಯೇ ಲಂಡನ್ನಿಗೆ ಹೋಗಿ ಯೂರೋಪಿನ ಮಲ್ಲರಿಗೆ ಸವಾಲು ಹಾಕಿದ್ದ ಸಂಗತಿ ಅವರ ಲೆಕ್ಕಕ್ಕೆ ಬರಲಿಲ್ಲ. ಭಾರತವೆಂದರೆ ಮಾಯಾಮಂತ್ರ, ಮೈವಿದ್ಯೆಯಲ್ಲ ಎಂಬ ಹಳೆಯ ಕಲ್ಪನೆ ಜಪಾನಿನವರೆಗೂ ಹೋಗಿತ್ತೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕರಾಟೆ ತೆರೆಗೆ ಅಷ್ಟು ಬೇಗ ಒಗ್ಗಿ, ಕುಸ್ತಿ ಹಿಂದುಳಿದದ್ದೇಕೆ? ಕರಾಟೆ ಸಿನಿಮಾಗಳ ಜನಪ್ರಿಯತೆ ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣ ಕಣ್ಣಿಗೆ ಸಂಬಂಧಿಸಿದ್ದು. ಹೊಡೆತ, ಒದೆತಗಳಲ್ಲಿ ಇಬ್ಬರ ಮೈಗಳು ಬೇರೆಬೇರೆಯಾಗಿಯೇ ಇರುತ್ತವೆ. ಪಕ್ಕದಿಂದ ನೋಡಿದರೆ ಚಾಚಿದ ಕೈ ಯಾವುದು, ಎತ್ತಿದ ಕಾಲು ಯಾವುದು ಎಂಬುದು ನೆರಳಿನಲ್ಲಿಯೂ ತಿಳಿಯುತ್ತದೆ. ಇಬ್ಬರ ಚಿತ್ರಗಳನ್ನೂ ಪ್ರತ್ಯೇಕವಾಗಿ ಬರೆದಿಟ್ಟುಕೊಂಡು ಬೇಕಾದಂತೆ ಜೋಡಿಸಬಹುದು. ಕುಸ್ತಿಯಲ್ಲಿ ಹಾಗಾಗದು. ಅಲ್ಲಿ ಎರಡು ಮೈ ಒಂದಾಗುತ್ತವೆ. ಗೆಲ್ಲುವ ಹಿಡಿತ ಹೆಚ್ಚಾಗಿ ನೋಡುವವನ ಕಣ್ಣಿಗೆ ಮರೆಯಾಗಿರುತ್ತದೆ. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಮಲ್ಲರಿದ್ದಾರೆ. ಅವರು ಮಲ್ಲರೆಂದು ಗುರುತಿಸಬಹುದು. ಅವರ ಪಟ್ಟನ್ನು ಅದರಿಂದ ಕಲಿಯಲಾಗದು. ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ವಿಜಯದಶಮಿಯ ದಿನ ಅರಮನೆಯಲ್ಲಿ ನೋಡಿದವರಿಗೂ ಇದೇ ಅನುಭವ. ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ, ಕ್ಷಣಮಾತ್ರದ ಆಟ. ಏನಾಯಿತೆಂದು ಕಣ್ಣಿಗೆ ಹತ್ತುವಷ್ಟರಲ್ಲಿ ಮುಗಿದಿರುತ್ತದೆ.

ಈಗ ಸೋಮೇಶ್ವರನ ಮಲ್ಲವಿನೋದಕ್ಕೆ ಮರಳೋಣ. ಅವನು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುತ್ತಾನೆ. ವಯಸ್ಸು, ಮೈಕಟ್ಟು, ಬಲಗಳನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಅವರ ಆಹಾರವನ್ನು ಹೇಳುತ್ತಾನೆ. ಅವರ ಸಾಧನೆಯಲ್ಲಿ ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮಗಳು ಸೇರಿವೆ. ಇಂದಿನ ಮಲ್ಲಕಂಬದ ಹಳೆಯ ಕುರುಹನ್ನು ಈ ಕೊನೆಯದರಲ್ಲಿ ಕಾಣುವವರಿದ್ದಾರೆ. ಹಿಡಿತಗಳ ಹೆಸರುಗಳೂ ಬರುತ್ತವೆ. ಸುಮಾರು 900 ವರ್ಷಗಳ ಹಿಂದೆ ಒಬ್ಬ ದೊರೆ ಇಷ್ಟನ್ನು ಬರೆಸಿಟ್ಟನಲ್ಲ ಎಂದು ಹೆಮ್ಮೆಪಡಬೇಕಾದ್ದೇ. ಆದರೂ ಹೆಸರನ್ನು ಓದಿದ ಮಾತ್ರಕ್ಕೆ ಹಿಡಿತ ಕೈಗೆ ಬಾರದು. ಅದನ್ನು ಬಲ್ಲ ಕೈ ಇನ್ನೊಂದು ಕೈಗೆ ಮುಟ್ಟಿಸಬೇಕು. ಆ ಸರಪಳಿ ಎಲ್ಲಿ ತುಂಡಾಯಿತೋ ಅಲ್ಲಿಂದ ಮುಂದೆ ಶಬ್ದ ಮಾತ್ರ ಉಳಿಯುತ್ತದೆ.

ಗಣಕದ ಆಟಗಳಿಗೂ ಈ ಆಪತ್ತು ತಪ್ಪಿದ್ದಲ್ಲ. ಮೆಕ್ನರನ ಮುಂದಿನ ಆಟ ‘ಪ್ರಿನ್ಸ್ ಆಫ್ ಪರ್ಷಿಯಾ’ 1989ರಲ್ಲಿ ಬಂದಿತು. ಅದರ ರಾಜಕುಮಾರನ ಓಟ, ನೆಗೆತಗಳಿಗೆ ಮಾದರಿಯಾದವನು ಅವನ ತಮ್ಮ ಡೇವಿಡ್. ಅದು ಲೋಕಪ್ರಸಿದ್ಧವಾಯಿತು. ಹಾಗಿದ್ದೂ ಅದರ ಮೂಲ ಕ್ರಮವಿಧಿಯ ಫ್ಲಾಪಿಗಳು ಎಲ್ಲೋ ಕಳೆದುಹೋಗಿ, 2012ರಲ್ಲಿ ತಂದೆಯ ಮನೆಯ ಬೀರುವಿನಲ್ಲಿ ಸಿಕ್ಕವು. ಫ್ಲಾಪಿಯ ಕಾಂತಲೇಪ ಕಾಲಕ್ರಮದಲ್ಲಿ ಮಾಸುತ್ತದೆ. ಇನ್ನು ಕೆಲವು ವರ್ಷ ತಡವಾಗಿದ್ದರೆ ಓದಲಾಗುತ್ತಿತ್ತೋ ಇಲ್ಲವೋ. ‘ಕರಾಟೆಕ’ದ ಅದೃಷ್ಟ ಚೆನ್ನಾಗಿತ್ತು. ಮೆಕ್ನರ್ ದಿನಚರಿ ಬರೆಯುವ ಅಭ್ಯಾಸದವನು, ಕಾಗದಪತ್ರಗಳನ್ನು ಎಸೆಯದವನು. ಹೀಗಾಗಿ 2023ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ‘ದಿ ಮೇಕಿಂಗ್ ಆಫ್ ಕರಾಟೆಕ’ವನ್ನು ಹೊರತಂದಾಗ, ಹಳೆಯ ಆಟದ ಜೊತೆಗೆ ಅದರ ಕರಡುಗಳು, ಪತ್ರಗಳು, ಆ ಸೂಪರ್ 8 ಫಿಲ್ಮಿನ ತುಣುಕುಗಳು ಎಲ್ಲವನ್ನೂ ಒಂದೆಡೆ ಇಡಲು ಸಾಧ್ಯವಾಯಿತು. ಶಿಕ್ಷಕ ಎತ್ತಿದ ಕಾಲು ರೇಖೆಯಾಗಿ, ರೇಖೆ ಚುಕ್ಕೆಗಳಾಗಿ ಮಾರ್ಪಟ್ಟ ಬಗೆಯನ್ನು ಅಲ್ಲಿ ಹಂತಹಂತವಾಗಿ ನೋಡಬಹುದು. ಒಂದು ಆಟದ ಚರಿತ್ರೆಗೆ ಇಷ್ಟು ಪೂರ್ಣವಾದ ದಾಖಲೆ ಅಪರೂಪ.

ನಮ್ಮ ಸೀಮೆಯ ಗರಡಿಗಳ ವಿಚಾರದಲ್ಲಿ ಇಂಥ ದಾಖಲೆಯನ್ನು ಮಾಡುವ ಕಾಲ ಇನ್ನೂ ಮೀರಿಲ್ಲ. ‘ಧೋಬಿ ಪಛಾಡ್’ ಎಂಬ ಡಾವನ್ನೇ ತೆಗೆದುಕೊಳ್ಳಿ. ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಹೆಗಲ ಮೇಲಿಂದ ಸೆಳೆದು ಕೆಡಹುವುದು, ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಬರೆದರೆ ಇಷ್ಟೇ. ಉಸ್ತಾದನೊಬ್ಬ ತೋರಿಸಿದರೆ ಅರ್ಧ ನಿಮಿಷದ ಕೆಲಸ. ಮೆಕ್ನರನ ಕೈಯಲ್ಲಿದ್ದ ಕ್ಯಾಮೆರಾಕ್ಕಿಂತ ಮೇಲಾದದ್ದು ಈಗ ಬಹುಪಾಲು ಕಾಲೇಜು ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ. ಒಂದು ಎಚ್ಚರ ಮಾತ್ರ ಬೇಕು. ಕರಾಟೆಗೆ ಪಕ್ಕದ ಒಂದು ನೋಟ ಸಾಕಾಯಿತು; ಕುಸ್ತಿಗೆ ಸಾಲದು. ಎದುರಾಳಿಯ ತೋಳನ್ನು ಹಿಡಿದ ಕೈ ಒಂದು ಬದಿಯಿಂದ ಮಾತ್ರ ಕಾಣುತ್ತದೆ, ಸೊಂಟ ಒಳಸರಿಯುವುದು ಇನ್ನೊಂದು ಬದಿಯಿಂದ, ಕಾಲಿನ ತೂಕ ಬದಲಾಗುವುದು ಹಿಂದಿನಿಂದ. ಅದೇ ಡಾವನ್ನು ಮೂರು ದಿಕ್ಕಿನಿಂದ, ಒಮ್ಮೆ ನಿಧಾನವಾಗಿ, ಒಮ್ಮೆ ಪೂರ್ಣ ವೇಗದಲ್ಲಿ ಚಿತ್ರಿಸಿ, ಉಸ್ತಾದ ಅದನ್ನು ಯಾವ ಹೆಸರಿನಿಂದ ಕರೆಯುತ್ತಾನೆಂಬುದನ್ನು ಅವನ ಬಾಯಿಂದಲೇ ಹೇಳಿಸಿ, ಊರು ಮತ್ತು ತಾರೀಖಿನೊಂದಿಗೆ ಬರೆದಿಟ್ಟುಕೊಳ್ಳಬೇಕು.